ಮೆದುಳಿನ ಹಿಂಭಾಗದ ಅನ್ಯೂರಿಸಂಗೆ ಯಾವ ಬಾಗಿಲು? ಸ್ಕಲ್ ಬೇಸ್ ಅಪ್ರೋಚ್‌ಗಳ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಹೊಸ ರೆಸಿಡೆಂಟ್‌ಗಳು ಬಂದಾಗ ಕೇಳೋದು ಇದೇ, "ಸರ್, ಬೇಸಿಲರ್ ಟಾಪ್ ಅನ್ಯೂರಿಸಂಗೆ ಯಾವ ಅಪ್ರೋಚ್ ಓದ್ಕೊಳ್ಲಿ?" ಅಂತ. ಅನ್ಯೂರಿಸಂ ಅಂದ್ರೆ ರಕ್ತನಾಳದ ಗೋಡೆ ಉಬ್ಬಿ ಆಗೋ ಗುಳ್ಳೆ, ಬೇಸಿಲರ್ ಟಾಪ್ ಅಂದ್ರೆ ಬ್ರೇನ್‌ಸ್ಟೆಮ್ (ಮೆದುಳಿನ ಕಾಂಡ) ಮುಂದೆ ಹತ್ತಿ ಹೋಗೋ ಬೇಸಿಲರ್ ನಾಳದ ಮೇಲಿನ ತುದಿ. ಪರೀಕ್ಷೆಗಾದ್ರೆ ಒಂದು ಹೆಸರು ಬರೆದು ಬರಬಹುದು, ಓಟಿಯಲ್ಲಿ ಬರೀ ಹೆಸರು ಕೆಲಸಕ್ಕೆ ಬರಲ್ಲ. ನಾನು ತಿರುಗಿ ಎರಡು ಪ್ರಶ್ನೆ ಕೇಳ್ತೀನಿ: ನೆಕ್ ಎಲ್ಲಿದೆ, ತೂಬು ಎಲ್ಲಿದೆ? ನೆಕ್ ಅಂದ್ರೆ ಗುಳ್ಳೆ ರಕ್ತನಾಳದಿಂದ ಉಬ್ಬಿ ಹೊರಗೆ ಬಂದಿರೋ ಬುಡ, ಗುಳ್ಳೆಗೆ ರಕ್ತ ಹೋಗದ ಹಾಗೆ ಹಿಸುಕಿ ಹಿಡಿಯೋ ಪುಟ್ಟ ಲೋಹದ ಕ್ಲಿಪ್ ಕೂರಬೇಕಾದ ಜಾಗ. ತೂಬು ಏನು ಅಂತ ಮಂಡ್ಯ ಕಡೆಯವರಿಗೆ ಹೇಳೋದೇ ಬೇಡ, ನಾಲೆ ಏರಿ ಒಡೆದ್ರೆ ಒಡೆದ ಜಾಗಕ್ಕೆ ಮಣ್ಣು ಸುರೀತಾ ಕೂತ್ರೆ ಮಣ್ಣೂ ಕೊಚ್ಕೊಂಡು ಹೋಗತ್ತೆ, ಮೊದಲು ಮೇಲಕ್ಕೆ ಓಡಿಹೋಗಿ ತೂಬು ಮುಚ್ತಾರೆ, ಆಮೇಲೆ ನಿಧಾನವಾಗಿ ರಿಪೇರಿ. ನಮ್ಮಲ್ಲಿ ತೂಬು ಅಂದ್ರೆ ಗುಳ್ಳೆಗೆ ರಕ್ತ ತರೋ ನಾಳವನ್ನ ಗುಳ್ಳೆಗಿಂತ ಮೊದಲೇ ತಡೆಯಬಹುದಾದ ಜಾಗ, ಪುಸ್ತಕದಲ್ಲಿ ಇದಕ್ಕೆ ಪ್ರಾಕ್ಸಿಮಲ್ ಕಂಟ್ರೋಲ್ ಅಂತಾರೆ. ಈ ಎರಡು ಜಾಗಾನೂ ಒಂದೇ ಕಿಟಕಿಯಿಂದ ಕಾಣಿಸೋ ಹಾಗೆ ತಲೆಬುರುಡೆ ತಳದ (ಸ್ಕಲ್ ಬೇಸ್) ಮೂಳೆ ತೆಗೆಯೋದೇ ಅಪ್ರೋಚ್, ಉಳಿದಿದ್ದೆಲ್ಲಾ ಅದರ ವಿವರ.

ಇದು ಮುಖ್ಯವಾಗಿ ನ್ಯೂರೋಸರ್ಜರಿ ಕಲೀತಿರೋರಿಗೆ, ಓಟಿ ಸಿಸ್ಟರ್‌ಗಳಿಗೆ ಬರೆದಿದ್ದು. ಮನೇಲಿ ಯಾರಿಗೋ ಇಂಥ ಆಪರೇಷನ್ ಅಂತ ಹೇಳಿದ್ದಾರೆ, ಒಳಗೆ ಏನು ಮಾಡ್ತಾರೆ ಅಂತ ತಿಳ್ಕೋಬೇಕು ಅನ್ನೋರೂ ಓದಬಹುದು, ಆದ್ರೆ ನಿಮ್ಮ ಡಾಕ್ಟರ್ ಮಾತಿಗೆ ಇದು ಬದಲಿ ಆಗಲ್ಲ. ಹಾಗೇ ರೆಸಿಡೆಂಟ್‌ಗಳೇ, ಇದನ್ನ ಓದಿ ಟೇಬಲ್ ಹತ್ರ ಹೋಗ್ಬೇಡಿ, ಮೊದಲು ಕೆಡಾವರ್ ಲ್ಯಾಬಿಗೆ (ಮೃತದೇಹದ ಮೇಲೆ ಅಭ್ಯಾಸ ಮಾಡೋ ಜಾಗ) ಹೋಗಿ.

ಮೊದಲು ಭೂಗೋಳ

ಕತ್ತಿನ ಎರಡೂ ಪಕ್ಕದಿಂದ ವರ್ಟಿಬ್ರಲ್ ಆರ್ಟರಿಗಳು ಹತ್ತಿ ಬಂದು ಫೊರಾಮೆನ್ ಮ್ಯಾಗ್ನಮ್ (ತಲೆಬುರುಡೆ ತಳದ ದೊಡ್ಡ ತೂತು) ಮೂಲಕ ಒಳಗೆ ನುಗ್ಗತ್ವೆ, ಅಲ್ಲೇ ಸ್ವಲ್ಪ ಮೇಲೆ ಒಂದೊಂದೂ ಸೆರೆಬೆಲ್ಲಂಗೆ (ಚಿಕ್ಕ ಮೆದುಳಿಗೆ) ಹೋಗೋ ಪೈಕಾ ಅನ್ನೋ ಕೊಂಬೆ ಬಿಟ್ಟು, ಬ್ರೇನ್‌ಸ್ಟೆಮ್‌ನ ಭಾಗಗಳಾದ ಪಾನ್ಸ್ ಮೆಡುಲ್ಲಾ ಸೇರೋ ಗಡೀಲಿ ಎರಡೂ ಕೂಡ್ಕೊಂಡು ಬೇಸಿಲರ್ ಆಗ್ತವೆ. ಬೇಸಿಲರ್ ಸುಮಾರು 3 ಸೆಂಟಿಮೀಟರ್ ಉದ್ದ ಅಷ್ಟೇ. ದಾರೀಲಿ ಐಕಾ, ತುದಿ ಹತ್ರ ಎಸ್‌ಸಿಎ ಅನ್ನೋ ಕೊಂಬೆ ಬಿಡತ್ತೆ (ಎರಡೂ ಸೆರೆಬೆಲ್ಲಂಗೆ ಹೋಗೋವು), ಕೊನೆಗೆ ಮೆದುಳಿನ ಹಿಂಭಾಗಕ್ಕೆ ಹೋಗೋ ಎರಡು ಪಿಸಿಎ ಆಗಿ ಸೀಳತ್ತೆ, ಪಿಸಿಎಯ ಮೊದಲ ತುಂಡಿಗೆ ಪಿ1 ಅಂತಾರೆ. ಆ ಎಸ್‌ಸಿಎ ಪಿಸಿಎ ಎರಡರ ಮಧ್ಯೆ ಕಣ್ಣು ತಿರುಗಿಸೋ ಮೂರನೇ ನರ ತೂರ್ಕೊಂಡು ಮುಂದೆ ಹೋಗತ್ತೆ, ಈ ಒಂದು ಗುರುತು ತಲೇಲಿ ಇಟ್ಕೊಳ್ಳಿ, ರಕ್ತ ತುಂಬಿರೋ ಸಿಸ್ಟರ್ನ್‌ನಲ್ಲಿ (ಮೆದುಳ ಸುತ್ತ ನೀರು ನಿಲ್ಲೋ ಕೊಳ) ದಾರಿ ತಪ್ಪಿದಾಗ ಇದೇ ಕೈಕಂಬ.

ಕಷ್ಟ ಯಾಕೆ ಅಂದ್ರೆ, ಮುಂದೆ ಕ್ಲೈವಸ್ ಅನ್ನೋ ಇಳಿಜಾರು ಮೂಳೆ, ಹಿಂದೆ ಬ್ರೇನ್‌ಸ್ಟೆಮ್, ನಡುವೆ ಈ ನಾಳ. ಹಿಂದಿನಿಂದ ನೇರ ಹೋಗಕ್ಕೆ ಬ್ರೇನ್‌ಸ್ಟೆಮ್ ಅಡ್ಡ, ಹಾಗಾಗಿ ಯಾವತ್ತೂ ಪಕ್ಕದಿಂದ ಓರೆಯಾಗೇ ಬರ್ಬೇಕು, ಪಕ್ಕದಲ್ಲೋ ಮೂರರಿಂದ ಹನ್ನೆರಡರವರೆಗೆ ನರಗಳು ಬೇಲಿ ಕಟ್ಟಿರೋ ಹಾಗೆ ಸಾಲಾಗಿ ನಿಂತಿರ್ತವೆ. ಕ್ರೇನಿಯಲ್ ನರಗಳ ನಡುವಿನ ಸಂದಿಯಲ್ಲೇ ಕೆಲಸ.

ನ್ಯೂರೋಸರ್ಜನ್ ಚಾರ್ಲ್ಸ್ ಡ್ರೇಕ್ ಕೆನಡಾದ ಒಂಟಾರಿಯೋದ ಲಂಡನ್ ಊರಲ್ಲಿ ಇದ್ದೋರು, 1961ರಲ್ಲಿ ನಾಲ್ಕೇ ನಾಲ್ಕು ಬೇಸಿಲರ್ ಕೇಸ್ ವರದಿ ಮಾಡಿದ್ರು. ಅದೇ ಡ್ರೇಕ್ ಅವರು ಪೀರ್‌ಲೆಸ್, ಹೆರ್ನೆಸ್ನಿಯೆಮಿ ಜೊತೆ 1996ರಲ್ಲಿ ಹೊರತಂದ ಪುಸ್ತಕದಲ್ಲಿ 1767 ಕೇಸುಗಳ ಲೆಕ್ಕ ಇದೆ. ಮೈಕ್ರೋಸ್ಕೋಪ್ ನ್ಯೂರೋಸರ್ಜರಿ ಓಟಿಗಳಲ್ಲಿ ಮಾಮೂಲಿ ಬಳಕೆಗೆ ಬರೋ ಮೊದಲೇ ಶುರು ಮಾಡಿದ ಕೆಲಸ ಅದು ಅನ್ನೋದು ನೆನೆಸ್ಕೊಂಡ್ರೆ ನಂಗೆ ಈಗಲೂ ಕೈ ತಣ್ಣಗಾಗತ್ತೆ.

ಕ್ಲಿಪ್ ಬೇಕಾ ನಿಜವಾಗ್ಲೂ?

ಈ ಪ್ರಶ್ನೆ ಹಾರಿಸಿ ಮುಂದೆ ಹೋಗೋ ಸರ್ಜನ್ ಹತ್ರ ಕಲೀಬೇಡಿ. ಕಾಲಿನ ಅಥವಾ ಕೈಯಿನ ಆರ್ಟರಿಯಿಂದ ವೈರ್ ತೂರಿಸಿ ಗುಳ್ಳೆ ಒಳಗೆ ಪ್ಲಾಟಿನಂ ಕಾಯಿಲ್ ತುಂಬೋದು 1990ರ ಸುಮಾರಿಗೆ ಶುರುವಾಗಿ 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು, ಇವತ್ತು ಬೇಸಿಲರ್ ಟಾಪ್ ಗುಳ್ಳೆಗಳಲ್ಲಿ ಹೆಚ್ಚಿನವು ಕಾಯಿಲಿಂಗ್‌ಗೇ ಹೋಗ್ತವೆ, ಹೋಗ್ಲೂಬೇಕು. ಎಲ್ಲರೂ ಬಾಯಿಪಾಠ ಹೇಳೋ, ಕ್ಲಿಪ್ ಮತ್ತು ಕಾಯಿಲ್ ಹೋಲಿಸಿದ 2002ರ ಐಸ್ಯಾಟ್ ಸ್ಟಡೀಲಿ 2143 ರೋಗಿಗಳಿದ್ರು, ಅದರಲ್ಲಿ ಹಿಂಭಾಗದ ಅನ್ಯೂರಿಸಂ 100ಕ್ಕೆ ಮೂರು ಕೂಡ ಇರಲಿಲ್ಲ, ಯಾಕಂದ್ರೆ ಅವುಗಳನ್ನ ಅಷ್ಟು ಹೊತ್ತಿಗಾಗ್ಲೇ ಜನ ಕಾಯಿಲ್‌ಗೆ ಕಳಿಸ್ತಿದ್ರು.

ಹಾಗಾದ್ರೆ ನಮ್ಮ ಟೇಬಲ್‌ಗೆ ಬರೋದು ಯಾವುದು? ನೆಕ್ ತುಂಬಾ ಅಗಲ ಇರೋದು, ಗುಳ್ಳೆ ಗೋಡೆಯಿಂದಲೇ ಕೊಂಬೆ ಹುಟ್ಟಿರೋದು (ಪೈಕಾದಲ್ಲಿ ಇದು ಮಾಮೂಲು), ದೊಡ್ಡದಾಗಿ ಬ್ರೇನ್‌ಸ್ಟೆಮ್ ಒತ್ತುತ್ತಿರೋದು, ಒಳಗೆ ರಕ್ತ ಹೆಪ್ಪುಗಟ್ಟಿರೋದು, ಒಂದ್ಸಲ ಕಾಯಿಲ್ ಹಾಕಿ ಮತ್ತೆ ತೆರ್ಕೊಂಡಿರೋದು. ಅಂದ್ರೆ ಸುಲಭದ್ದೆಲ್ಲಾ ಅತ್ತ ಹೋಗಿ, ಉಳಿದ ಕಗ್ಗಂಟು ಇತ್ತ ಬರತ್ತೆ. ಸಂಖ್ಯೆ ಕಡಿಮೆ, ಕಷ್ಟ ಜಾಸ್ತಿ, ಅದಕ್ಕೇ ಲ್ಯಾಬ್ ಅಂತ ಗೋಳು ಹೊಯ್ಕೊಳ್ಳೋದು.

ಒಡೆಯದೇ ಇರೋ ಗುಳ್ಳೆ ಸಿಕ್ಕಿದ್ರೆ ಸುಮ್ನೆ ಬಿಡಬಹುದಾ ಅಂದ್ರೆ, 2003ರ ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ ಮೊದಲು ಯಾವತ್ತೂ ರಕ್ತಸ್ರಾವ ಆಗದೇ ಇರೋರಲ್ಲಿ 7ರಿಂದ 12 ಮಿಲಿಮೀಟರ್ ಗುಳ್ಳೆ 5 ವರ್ಷದೊಳಗೆ ಒಡೆಯೋ ಸಾಧ್ಯತೆ ಮುಂಭಾಗದಲ್ಲಿ 2.6%, ಹಿಂಭಾಗದಲ್ಲಿ 14.5% (ಪಿಕಾಮ್, ಅಂದ್ರೆ ಕತ್ತಿನ ಮುಂಭಾಗದಿಂದ ಬರೋ ಕೆರೋಟಿಡ್‌ನ ಪಿಸಿಎಗೆ ಜೋಡಿಸೋ ನಾಳದ ಗುಳ್ಳೆಗಳನ್ನೂ ಅವರು ಹಿಂಭಾಗದ ಲೆಕ್ಕಕ್ಕೇ ಸೇರಿಸಿದ್ರು). 25 ಮಿಲಿಮೀಟರ್ ದಾಟಿದ್ರೆ ಹಿಂಭಾಗದಲ್ಲಿ 50%. ಜಾಗ ಬದಲಾದ್ರೆ ಅದೇ ಸೈಜಿನ ಗುಳ್ಳೆಯ ಸ್ವಭಾವವೇ ಬದಲಾಗತ್ತೆ.

ಹಂತ 1: ಸ್ಕ್ಯಾನ್ ಮುಂದೆ ಕೂತ್ಕೊಳ್ಳಿ

ಸಿಟಿ ಆಂಜಿಯೋನ ಮೂಳೆ ಸಮೇತ ನೋಡಿ. ಟೆಕ್ನಿಷಿಯನ್ ಮೂಳೆ ತೆಗೆದು ಚಂದದ ಕೆಂಪು ಮರ ಮಾಡಿ ಕೊಡ್ತಾರೆ, ನೋಡಕ್ಕೆ ಚೆನ್ನಾಗಿರತ್ತೆ, ಸ್ಕಲ್ ಬೇಸ್ ಕೆಲಸಕ್ಕೆ ಮೂರು ಕಾಸಿಗೂ ಬರಲ್ಲ. ನಮಗೆ ಬೇಕಾಗಿರೋದು ಗುಳ್ಳೆಗೂ ಮೂಳೆಗೂ ಇರೋ ಸಂಬಂಧ. ಡಿಎಸ್‌ಎ (ನಾಳಕ್ಕೇ ಡೈ ಬಿಟ್ಟು ತೆಗೆಯೋ ಆಂಜಿಯೋ) ಇದ್ರೆ ಎರಡೂ ವರ್ಟಿಬ್ರಲ್ ಎರಡೂ ಕೆರೋಟಿಡ್ ಇಂಜೆಕ್ಷನ್ ನೋಡ್ಬೇಕು, ಕೊನೆಗೆ ವೀನಸ್ ಫೇಸ್ (ಡೈ ವೇನ್‌ಗಳಿಗೆ ಬರೋ ಹೊತ್ತಿನ ಚಿತ್ರ) ಕೂಡ.

ಬೇಸಿಲರ್ ತುದಿಯಾದ್ರೆ ಪೋಸ್ಟೀರಿಯರ್ ಕ್ಲಿನಾಯ್ಡ್ ಅನ್ನೋ ಸಣ್ಣ ಮೂಳೆ ಮೊನೆ ಇದೆಯಲ್ಲ, ನೆಕ್ ಅದಕ್ಕಿಂತ ಮೇಲಿದೆಯಾ, ಸಮ ಇದೆಯಾ, ಕೆಳಗಿದೆಯಾ ಅಂತ ಮಿಲಿಮೀಟರ್‌ನಲ್ಲಿ ಅಳೆಯಿರಿ. ಮೇಲಿದ್ರೆ ಕೆಳಗಿಂದ ಮೇಲೆ ನೋಡೋ ಕೋನ ಬೇಕು, ಅಂದ್ರೆ ಆರ್ಬಿಟ್ (ಕಣ್ಣಿನ ಗೂಡು) ಅಂಚು ಮತ್ತು ಝೈಗೋಮಾ (ಕೆನ್ನೆ ಮೂಳೆ) ತೆಗೀಬೇಕು. ಸಮ ಇದ್ರೆ ಮಾಮೂಲಿ ಟೆರಿಯೋನಲ್ (ಹಣೆ ಪಕ್ಕದಿಂದ ಹೋಗೋ ದಾರಿ) ಸಾಕಾಗಬಹುದು. ಕೆಳಗಿದ್ರೆ ಆ ಕ್ಲಿನಾಯ್ಡೇ ಅಡ್ಡ ನಿಂತು ತೂಬು ಕಾಣದ ಹಾಗೆ ಮರೆ ಮಾಡತ್ತೆ, ಆಗ ಒಂದೋ ಅದನ್ನ ಡ್ರಿಲ್ ಮಾಡ್ಬೇಕು, ಇಲ್ಲ ಪಕ್ಕದ ಬಾಗಿಲಿಂದ ಬರ್ಬೇಕು. ಒಟ್ಟಾರೆ ಕ್ಲೈವಸ್‌ನ ಐದು ಭಾಗ ಮಾಡ್ಕೊಳ್ಳಿ: ಮೇಲಿನ ಎರಡು ಭಾಗಕ್ಕೆ ಮುಂದಿನ ಬಾಗಿಲು, ನಡುವಿನ ಒಂದಕ್ಕೆ ಪಕ್ಕದ ಬಾಗಿಲು, ಕೆಳಗಿನ ಎರಡಕ್ಕೆ ಹಿತ್ತಲ ಬಾಗಿಲು. ಇದು ಅಂದಾಜು ನಕ್ಷೆ ಅಷ್ಟೇ.

ಆಮೇಲೆ ಗುಳ್ಳೆ ಮುಖ ಯಾವ ಕಡೆ? ಮುಂದೆ ಅಥವಾ ಮೇಲೆ ಮುಖ ಮಾಡಿದ್ರೆ ಹಿಂದಿನ ಪರ್ಫೊರೇಟರ್‌ಗಳು (ಮೆದುಳೊಳಗೆ ತೂರೋ ತೀರಾ ಸಣ್ಣ ನಾಳಗಳು) ಸ್ವಲ್ಪ ಬಿಡುವಾಗಿರ್ತವೆ. ಹಿಂದಕ್ಕೆ ಮುಖ ಮಾಡಿದ್ರೆ ಅವು ಗುಳ್ಳೆ ಗೋಡೆಗೇ ಅಂಟ್ಕೊಂಡಿರೋ ಸಾಧ್ಯತೆ ಹೆಚ್ಚು, ಅಂಥದ್ದನ್ನ ನೋಡಿದ್ರೆ ಇನ್ನೊಂದ್ಸಲ ಕಾಯಿಲ್ ಟೀಮ್ ಹತ್ರ ಹೋಗಿ ಕೂತ್ಕೊಳ್ಳಿ, ನಾಚಿಕೆ ಏನಿಲ್ಲ.

ಯಾವ ಪಕ್ಕ ಅನ್ನೋದಕ್ಕೆ ಸಾಮಾನ್ಯವಾಗಿ ಬಲಗಡೆ, ಮಾತಿನ ಭಾಗ ಎಡಗಡೆ ಇರೋದ್ರಿಂದ. ಆದ್ರೆ ಆಗಲೇ ಎಡಗಣ್ಣಿನ ಮೂರನೇ ನರ ಹೋಗಿದ್ರೆ, ಅಥವಾ ಬಲಗೈ ಬಲಗಾಲು ಸೋತಿದ್ರೆ ಎಡಗಡೆಯಿಂದಲೇ ಹೋಗಿ. ಹಾಳಾಗಿರೋ ಪಕ್ಕದಿಂದ ಹೋದ್ರೆ ಚೆನ್ನಾಗಿರೋ ಪಕ್ಕ ಉಳಿಯತ್ತೆ.

ಹಂತ 2: ಕತ್ತರಿ ಮುಟ್ಟೋ ಮೊದಲು

ಅನಸ್ತೇಷಿಯಾದವರ ಜೊತೆ ಹಿಂದಿನ ದಿನವೇ ಮಾತಾಡಿ. ಆರ್ಟೀರಿಯಲ್ ಲೈನ್, ರಕ್ತ ರೆಡಿ, ಎಸ್‌ಎಸ್‌ಇಪಿ ಮತ್ತು ಎಂಇಪಿ ಮಾನಿಟರಿಂಗ್ (ಸ್ಪರ್ಶದ, ಚಲನೆಯ ನರದಾರಿ ಕೆಲಸ ಮಾಡ್ತಿದೆಯಾ ಅಂತ ನೋಡೋದು), ಕಿವಿ ನರದ ಹತ್ರ ಕೆಲಸ ಇದ್ರೆ ಬ್ರೇನ್‌ಸ್ಟೆಮ್ ಹಿಯರಿಂಗ್ ಟೆಸ್ಟ್, ಕೆಳಗಿನ ನರಗಳಾದ್ರೆ ಗಂಟಲ ಟ್ಯೂಬಲ್ಲೇ ಎಲೆಕ್ಟ್ರೋಡ್ ಇರೋದು. ಅಡಿನೋಸಿನ್ ಬೇಕಾಗಬಹುದು ಅನಿಸಿದ್ರೆ ಎದೆಗೆ ಡಿಫಿಬ್ರಿಲೇಟರ್ ಪ್ಯಾಡ್ ಮೊದಲೇ ಅಂಟಿಸಿರ್ಬೇಕು. ತೂಕದ ಕೆಜಿಗೆ 0.3ರಿಂದ 0.4 ಮಿಲಿಗ್ರಾಂ ಕೊಟ್ರೆ ಹೃದಯ ಕೆಲವು ಸೆಕೆಂಡ್ ನಿಂತು ಬಿಪಿ ಮುಕ್ಕಾಲು ನಿಮಿಷದಷ್ಟು ನೆಲ ಕಚ್ಚತ್ತೆ, ತೂಬಿಗೆ ಕ್ಲಿಪ್ ಹಾಕಕ್ಕೆ ಜಾಗಾನೇ ಇಲ್ಲದಾಗ ಇದೇ ತೂಬು. ಆಸ್ತಮಾ ಇರೋರಿಗೆ, ಹೃದಯದ ತೊಂದ್ರೆ ಇರೋರಿಗೆ ಬೇಡ.

ಒಡೆದಿರೋ ಗುಳ್ಳೆಯಾದ್ರೆ ಬೆನ್ನಿನಿಂದಲೋ ತಲೆಯಿಂದಲೋ ಮೆದುಳ ಸುತ್ತಿನ ನೀರು (ಸಿಎಸ್‌ಎಫ್) ತೆಗೆಯುವಾಗ ಅವಸರ ಬೇಡ. ಡ್ಯೂರಾ (ಮೆದುಳಿನ ಹೊರ ಪೊರೆ) ತೆರೆಯೋ ಮೊದಲೇ ಗಳಗಳ ಅಂತ ಇಳಿಸಿಬಿಟ್ರೆ ಗುಳ್ಳೆಯ ಹೊರಗಿನ ಒತ್ತಡ ಕಡಿಮೆಯಾಗಿ ಅದು ಮತ್ತೆ ಒಡೆಯಬಹುದು.

ಹಂತ 3: ಮುಂದಿನ ಬಾಗಿಲು, ಬೇಸಿಲರ್ ತುದಿಗೆ

ಜ್ಯೂರಿಕ್‌ನಲ್ಲಿ ನ್ಯೂರೋಸರ್ಜನ್ ಯಾಸರ್ಗಿಲ್ ಬೆಳೆಸಿದ ಟೆರಿಯೋನಲ್ ದಾರಿ ಇದು, 1976ರಲ್ಲಿ ಬೇಸಿಲರ್ ತುದಿಗೇ ಅಂತ ಅವರ ತಂಡ ಬರೆದಿದ್ದು. ನಾವು ಈಗ ಅದಕ್ಕೆ ಆರ್ಬಿಟ್ ಮತ್ತು ಝೈಗೋಮಾ ಸೇರಿಸ್ತೀವಿ.

ರೋಗಿ ಅಂಗಾತ, ತಲೆ ಮೂರು ಪಿನ್ ಹೋಲ್ಡರ್‌ನಲ್ಲಿ, ಎದುರು ಪಕ್ಕಕ್ಕೆ 30 ಡಿಗ್ರಿ ಆಸುಪಾಸು ತಿರುಗಿಸಿ, ನೆತ್ತಿ ಸ್ವಲ್ಪ ಕೆಳಗೆ ಬರೋ ಹಾಗೆ, ಕೆನ್ನೆ ಮೂಳೆ ಎಲ್ಲಕ್ಕಿಂತ ಮೇಲೆ ಬರ್ಬೇಕು. ಕಿವಿ ಮುಂದೆ ಝೈಗೋಮಾ ಬುಡದಿಂದ ಶುರುವಾಗಿ ಕೂದಲ ಗಡಿ ಹಿಂದೆಯೇ ನಡುನೆತ್ತಿ ಕಡೆಗೆ ಇನ್ಸಿಷನ್. ಹಣೆ ಸುಕ್ಕು ಮಾಡೋ ನರ ಕೊಬ್ಬಿನ ಪದರದಲ್ಲಿ ಓಡತ್ತೆ, ಹಾಗಾಗಿ ಆ ಕೊಬ್ಬನ್ನ ಫ್ಯಾಸಿಯಾ ಪದರದ ಸಮೇತ ಎತ್ತಿ ಮುಂದಕ್ಕೆ ಮಡಚಿ. ಇಲ್ಲಿ ಬೇಜವಾಬ್ದಾರಿ ಮಾಡಿದ್ರೆ ಅನ್ಯೂರಿಸಂ ಎಷ್ಟೇ ಚೆನ್ನಾಗಿ ಕ್ಲಿಪ್ ಮಾಡಿ, ಆ ಮನುಷ್ಯ ಜೀವನಪೂರ್ತಿ ಒಂದೇ ಹುಬ್ಬು ಎತ್ತಿಕೊಂಡು ನಿಮ್ಮನ್ನ ನೆನೆಸ್ಕೋತಾನೆ.

ಮೂಳೆ ಫ್ಲ್ಯಾಪ್ ಎರಡು ತುಂಡಾಗಿ ತೆಗೆಯೋದು ನಂಗಿಷ್ಟ, ಮೊದಲು ಟೆರಿಯೋನಲ್, ಆಮೇಲೆ ಆರ್ಬಿಟ್ ಅಂಚು ಮತ್ತು ಝೈಗೋಮಾ ಒಂದು ತುಂಡು. ಒಂದೇ ತುಂಡಲ್ಲಿ ತೆಗೆಯೋರೂ ಇದ್ದಾರೆ, ನೋಡಕ್ಕೆ ಕೈಚಳಕ, ಆದ್ರೆ ಕಣ್ಣಿನ ಮೇಲ್ಛಾವಣಿ ಎರಡು ತುಂಡಲ್ಲೇ ಜಾಸ್ತಿ ಉಳಿಯತ್ತೆ. ಸ್ಫೀನಾಯ್ಡ್ ದಿಬ್ಬವನ್ನ ಸುಪೀರಿಯರ್ ಆರ್ಬಿಟಲ್ ಫಿಶರ್‌ವರೆಗೂ ಸಮತಟ್ಟಾಗಿ ಡ್ರಿಲ್ ಮಾಡಿ. ಇಲ್ಲಿ ತೆಗೆದ ಒಂದೊಂದು ಮಿಲಿಮೀಟರ್ ಮೂಳೆ ಒಳಗೆ ಮೆದುಳಿನ ಮೇಲೆ ಬೀಳೋ ರಿಟ್ರಾಕ್ಟರ್ (ಮೆದುಳು ಸರಿಸಿ ಹಿಡಿಯೋ ಪಟ್ಟಿ) ಭಾರ ಕಮ್ಮಿ ಮಾಡತ್ತೆ.

ಸಿಲ್ವಿಯನ್ ಫಿಶರ್‌ನ (ಮುಂದಿನ ಲೋಬ್, ಟೆಂಪೊರಲ್ ಲೋಬ್ ನಡುವಿನ ಸೀಳು) ಅಗಲವಾಗಿ ಬಿಡಿಸಿ, ಅವಸರಕ್ಕೆ ಅರ್ಧ ಬಿಡಿಸಿ ರಿಟ್ರಾಕ್ಟರ್ ಹಾಕಿದ್ರೆ ಆ ಸಾಲ ಮೆದುಳೇ ತೀರಿಸ್ಬೇಕು. ಕೆರೋಟಿಡ್ ಕಂಡ ಮೇಲೆ ಪಿಕಾಮ್ ಹಿಡ್ಕೊಂಡು ಹಿಂದಕ್ಕೆ ಹೋಗಿ, ಹೊಳೆ ದಂಡೆ ಹಿಡಿದು ನಡೆದ ಹಾಗೆ. ಅದು ನಿಮ್ಮನ್ನ ಸೀದಾ ಪಿಸಿಎಗೆ ಕರ್ಕೊಂಡು ಹೋಗತ್ತೆ. ಲಿಲಿಕ್ವಿಸ್ಟ್ ಪೊರೆ ಅಡ್ಡ ಬರತ್ತೆ, ಅದನ್ನ ಹರಿದ್ರೆ ಕತ್ತಲೆ ಬಾವಿ ಥರ ಇಂಟರ್‌ಪೆಡಂಕ್ಯುಲರ್ ಸಿಸ್ಟರ್ನ್. ಕೆಲಸ ಮಾಡೋ ಸಂದಿ ಹೆಚ್ಚಿನ ಸಲ ಕೆರೋಟಿಡ್‌ಗೂ ಮೂರನೇ ನರಕ್ಕೂ ನಡುವಿನ ತ್ರಿಕೋನ.

ಇಲ್ಲಿಂದ ಮುಂದೆ ಆರ್ಡರ್ ಬದಲಾಯಿಸ್ಬೇಡಿ. ಮೊದಲು ಮೂರನೇ ನರ, ಅದರ ಕೆಳಗೆ ಈ ಪಕ್ಕದ ಎಸ್‌ಸಿಎ, ಅದನ್ನ ಹಿಡಿದು ಬೇಸಿಲರ್ ಕಾಂಡ, ಎಸ್‌ಸಿಎ ಕೆಳಗೆ ಪರ್ಫೊರೇಟರ್ ಇಲ್ಲದ ಪುಟ್ಟ ಜಾಗ, ಅಲ್ಲಿ ಟೆಂಪರರಿ ಕ್ಲಿಪ್ ಕೂರತ್ತಾ ಅಂತ ಒಂದ್ಸಲ ಸುಮ್ನೆ ಹಿಡಿದು ನೋಡಿ. ತೂಬು ಸಿಕ್ತು. ಆಮೇಲೆ ಈ ಪಕ್ಕದ ಪಿ1, ನೆಕ್ ಮುಂದೆ ದಾಟಿ ಎದುರು ಪಕ್ಕದ ಪಿ1, ಎದುರು ಪಕ್ಕದ ಎಸ್‌ಸಿಎ. ನಾಲ್ಕೂ ನಾಳ ಕಣ್ಣಾರೆ ಕಾಣೋವರೆಗೆ ಪರ್ಮನೆಂಟ್ ಕ್ಲಿಪ್ ಕೇಳ್ಬೇಡಿ. ಎದುರು ಪಿ1 ಕಾಣಿಸದೇ ಅಂದಾಜಲ್ಲಿ ಕ್ಲಿಪ್ ಹಾಕಿ ಅದನ್ನೇ ಹಿಸುಕಿರೋ ಕಥೆಗಳು ಬೇಕಾದಷ್ಟಿವೆ. ಪಿಕಾಮ್ ತುಂಬಾ ಸಣ್ಣದಿದ್ದು ದಾರಿಗೆ ಅಡ್ಡ ಆಗ್ತಿದ್ರೆ ಪರ್ಫೊರೇಟರ್ ಇಲ್ಲದ ಜಾಗದಲ್ಲಿ ಎರಡು ಕ್ಲಿಪ್ ನಡುವೆ ಕತ್ತರಿಸಬಹುದು, ಆದ್ರೆ ಫೀಟಲ್ ಪಿಕಾಮ್ ಆಗಿದ್ರೆ, ಅಂದ್ರೆ ಪಿಸಿಎಗೆ ರಕ್ತವೇ ಅಲ್ಲಿಂದ ಬರ್ತಿದ್ರೆ, ಮುಟ್ಟಲೇಬೇಡಿ. ಇದು ಹಂತ 1ರಲ್ಲೇ ಗೊತ್ತಾಗಿರ್ಬೇಕಿತ್ತು.

ಈಗ ಪರ್ಫೊರೇಟರ್. ಪಿ1 ಹಿಂಬದಿಯಿಂದ ಥಲಾಮಸ್ (ಎಚ್ಚರ ಕಾಯೋ, ಮೆದುಳಿನ ಒಳಭಾಗ) ಕಡೆ ಹೋಗೋ ಶಾವಿಗೆ ಎಳೆಗಿಂತ ಸಣ್ಣ ನಾಳಗಳು. ಕೆಲವರಲ್ಲಿ ಎರಡೂ ಥಲಾಮಸ್‌ಗೆ ಸೇರಿ ಒಂದೇ ಕಾಂಡ ಇರತ್ತೆ, ಪರ್ಶರಾನ್ ಆರ್ಟರಿ ಅಂತ. ಅದನ್ನ ಕ್ಲಿಪ್ ಒಳಗೆ ಸಿಕ್ಕಿಸಿದ್ರೆ ರೋಗಿ ಏಳದೇ ಹೋಗಬಹುದು. ಆಂಜಿಯೋ ಎಷ್ಟೇ ಚೆನ್ನಾಗಿ ಬಂದಿರ್ಲಿ, ಗುಳ್ಳೆ ಪೂರ್ತಿ ಮುಚ್ಚಿರ್ಲಿ, ಬೇಸಿಲರ್ ತುದಿಯ ಆಪರೇಷನ್ ಗೆದ್ದಿದ್ದು ಸೋತಿದ್ದು ಈ ಎಳೆಗಳ ಮೇಲೆ. ಟೆಂಪರರಿ ಕ್ಲಿಪ್ ಹಾಕಿ ಅಥವಾ ಅಡಿನೋಸಿನ್ ಕೊಟ್ಟು ಗುಳ್ಳೆ ಮೆತ್ತಗಾದ ಮೇಲೆ ನೆಕ್ ಹಿಂದೆ ಮೊಂಡು ಡಿಸೆಕ್ಟರ್ ತೂರಿಸಿ ಒಂದೊಂದೇ ಎಳೆ ಬಿಡಿಸಿ, ಕ್ಲಿಪ್‌ನ ಹಿಂದಿನ ಬ್ಲೇಡ್ ಆ ಸಂದಿಯಲ್ಲೇ ಹೋಗ್ಬೇಕು. ಹತ್ತಿರದ ಪಿ1 ದಾರೀಲಿ ಅಡ್ಡ ಇದ್ರೆ ಡ್ರೇಕ್ ಅವರ ಕಿಟಕಿ ಇರೋ ಕ್ಲಿಪ್, ಪಿ1 ಆ ತೂತಲ್ಲಿ ಕೂರತ್ತೆ, ಬ್ಲೇಡ್ ಆಚೆ ನೆಕ್ ಮುಚ್ಚತ್ತೆ. ಕ್ಲಿಪ್ ಹಾಕಿದ ಮೇಲೆ ಸುಮ್ನೆ ಖುಷಿ ಪಡ್ಬೇಡಿ, ಎತ್ತಿ ಹಿಂದೆ ಇಣುಕಿ, ಮೈಕ್ರೋ ಡಾಪ್ಲರ್ ಇಟ್ಟು ನಾಲ್ಕೂ ನಾಳದ ಸದ್ದು ಕೇಳಿ, ಐಸಿಜಿ (ಹೊಳೆಯೋ ಡೈ) ಕೊಟ್ಟು ಮೈಕ್ರೋಸ್ಕೋಪಲ್ಲಿ ಪರ್ಫೊರೇಟರ್ ಬೆಳಗತ್ತಾ ನೋಡಿ. ಅನುಮಾನ ಇದ್ರೆ ತೆಗೆದು ಮತ್ತೆ ಹಾಕಿ.

ನೆಕ್ ಕ್ಲಿನಾಯ್ಡ್‌ಗಿಂತ ಕೆಳಗಿದ್ರೆ ಇದೇ ದಾರೀನ ಸ್ಲೊವೇನಿಯಾದ ಲ್ಯೂಬ್ಲಿಯಾನಾದ ಸರ್ಜನ್ ಡೊಲೆಂಕ್ ತೋರಿಸಿದ ಹಾಗೆ ಮುಂದುವರೆಸಬಹುದು: ಮುಂದಿನ ಕ್ಲಿನಾಯ್ಡ್ ತೆಗೆದು, ಕ್ಯಾವರ್ನಸ್ ಸೈನಸ್ (ಪಕ್ಕದ ವೀನಸ್ ರಕ್ತದ ಗೂಡು) ಮೇಲ್ಛಾವಣಿ ಬಿಚ್ಚಿ, ಮೂರನೇ ನರ ಸಡಿಲ ಮಾಡಿ, ಹಿಂದಿನ ಕ್ಲಿನಾಯ್ಡ್ ಡ್ರಿಲ್ ಮಾಡೋದು. ಬಾವಿ ಬಾಯಿ ಅಗಲ ಆಗತ್ತೆ, ತೂಬು ಒಂದಷ್ಟು ಮಿಲಿಮೀಟರ್ ಕೆಳಗೆ ಸಿಗತ್ತೆ. ಸೈನಸ್‌ನಿಂದ ಬರೋ ವೀನಸ್ ರಕ್ತ ಫೈಬ್ರಿನ್ ಗ್ಲೂ, ಸರ್ಜಿಸೆಲ್‌ಗೆ ನಿಲ್ಲತ್ತೆ. ಮೂರನೇ ನರ ಕೆಲವು ವಾರ ಮುನಿಸ್ಕೊಂಡಿರತ್ತೆ, ರೆಪ್ಪೆ ಬಿದ್ದಿರತ್ತೆ, ಮನೆಯವರಿಗೆ ಮೊದಲೇ ಹೇಳಿಡಿ.

ಹಂತ 4: ಪಕ್ಕದ ಬಾಗಿಲು

ಡ್ರೇಕ್ ಅವರ ಸಬ್‌ಟೆಂಪೊರಲ್ ದಾರಿ ಟೆಂಪೊರಲ್ ಲೋಬ್ ಕೆಳಗಿನಿಂದ ಹೋಗತ್ತೆ. ಗುಳ್ಳೆ ಹಿಂದಕ್ಕೆ ಮುಖ ಮಾಡಿದ್ರೆ, ನೆಕ್ ಕೆಳಗಿದ್ರೆ ಇದು ಚೆನ್ನ, ಯಾಕಂದ್ರೆ ಪಕ್ಕದಿಂದ ನೋಡುವಾಗ ಪರ್ಫೊರೇಟರ್‌ಗಳು ನೆಕ್ ಹಿಂದೆ ಅಡಗಿರಲ್ಲ, ಪ್ರೊಫೈಲ್‌ನಲ್ಲಿ ಕಾಣತ್ತೆ. ಕಾಣದೇ ಇರೋದು ಎದುರು ಪಿ1. ಟೆಂಪೊರಲ್ ಲೋಬ್ ಎತ್ತುವಾಗ ಲಬ್ಬೆ ವೇನ್ (ಆ ಲೋಬಿನ ದೊಡ್ಡ ವೇನ್) ಎಳೆದ್ರೆ ಆಮೇಲೆ ವೀನಸ್ ಇನ್ಫಾರ್ಕ್ಟ್ (ವೇನ್ ಕಟ್ಟಿ ಆಗೋ ಸ್ಟ್ರೋಕ್), ಅದಕ್ಕೇ ಬೆನ್ನಿನ ಡ್ರೇನ್ ಇಟ್ಟು ಡ್ಯೂರಾ ತೆರೆದ ಮೇಲೆ ನೀರು ಇಳಿಸಿ ಲೋಬ್ ತಾನಾಗೇ ಕೂರೋ ಹಾಗೆ ಮಾಡೋದು. ಟೆಂಟೋರಿಯಂ (ದೊಡ್ಡ ಮೆದುಳು, ಸೆರೆಬೆಲ್ಲಂ ನಡುವಿನ ಪೊರೆ) ಅಂಚು ಕತ್ತರಿಸೋದಾದ್ರೆ ನಾಲ್ಕನೇ ನರ ಅದರೊಳಗೆ ಹೊಕ್ಕುವ ಜಾಗದ ಹಿಂದೆಯೇ ಕತ್ತರಿಸಿ. ದಾರದಷ್ಟು ಸಣ್ಣ ನರ, ಹೋದ್ರೆ ಆ ಮನುಷ್ಯ ಮೆಟ್ಟಿಲು ಇಳಿಯುವಾಗೆಲ್ಲಾ ಎರಡೆರಡು ಮೆಟ್ಟಿಲು ಕಾಣ್ತಾನೆ.

ಇನ್ನೂ ಕೆಳಗೆ, ಬೇಸಿಲರ್ ನಡುಭಾಗಕ್ಕೆ ಬೇಕಂದ್ರೆ 1985ರಲ್ಲಿ ಟೋಕಿಯೋದ ಕಾವಾಸೆ ಬರೆದ ದಾರಿ, ಪೆಟ್ರಸ್ ಮೂಳೆ (ಒಳಕಿವಿ ಇರೋ ಗಟ್ಟಿ ಮೂಳೆ) ತುದಿ ಕೊರೆಯೋದು. ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಅಂತ ನಮ್ಮ ಹಳೇ ಪ್ರೊಫೆಸರ್ ಒಬ್ರು ನಗ್ತಿದ್ರು, ಆದ್ರೆ ಆ ಗುಡ್ಡ ಅಗೆಯದೇ ಇಲಿ ಕಾಣಲ್ಲ. ಡ್ಯೂರಾ ಹೊರಗಿಂದ ಮಿಡ್ಲ್ ಫೊಸ್ಸಾ (ಟೆಂಪೊರಲ್ ಲೋಬ್ ಕೂರೋ ಗುಣಿ) ನೆಲದ ಮೇಲೆ ಹಿಂದಿನಿಂದ ಮುಂದಕ್ಕೆ ಬಿಡಿಸ್ತಾ ಬನ್ನಿ, ಮುಂದಿನಿಂದ ಹಿಂದಕ್ಕೆ ಎಳೆದ್ರೆ ಜಿಎಸ್‌ಪಿಎನ್ ನರ (ಮುಖದ ನರದ ಕವಲು) ಜಗ್ಗಿ ಮುಖದ ನರಕ್ಕೆ ಪೆಟ್ಟು. ಫೊರಾಮೆನ್ ಸ್ಪೈನೋಸಂನಲ್ಲಿ ಮಿಡ್ಲ್ ಮೆನಿಂಜಿಯಲ್ ಆರ್ಟರಿ ಸುಟ್ಟು ಕತ್ತರಿಸಿ. ಹೊರಗಡೆ ಜಿಎಸ್‌ಪಿಎನ್, ಮುಂದೆ ಐದನೇ ನರದ ಮೂರನೇ ಕವಲು, ಒಳಗಡೆ ಪೆಟ್ರಸ್ ಏಣು, ಹಿಂದೆ ಆರ್ಕ್ಯುಯೇಟ್ ಉಬ್ಬು ಮತ್ತು ಕಿವಿ ನರದ ಕಾಲುವೆ, ಈ ಚೌಕದೊಳಗೇ ಡ್ರಿಲ್. ಕಾಕ್ಲಿಯಾ (ಶಬ್ದ ಹಿಡಿಯೋ ಒಳಕಿವಿ ಭಾಗ) ಜಿಎಸ್‌ಪಿಎನ್‌ಗೂ ಕಿವಿ ಕಾಲುವೆಗೂ ನಡುವಿನ ಮೂಲೇಲಿ ಕಾಣದ ಹಾಗೆ ಕೂತಿರತ್ತೆ, ಮೂಳೆ ಬಣ್ಣ ಗಟ್ಟಿತನ ಬದಲಾಗ್ತಿದೆ ಅನಿಸಿದ ತಕ್ಷಣ ನಿಲ್ಲಿಸಿ, ಕಿವಿ ಹೋದ್ರೆ ವಾಪಸ್ ಬರಲ್ಲ. ಆಮೇಲೆ ಸುಪೀರಿಯರ್ ಪೆಟ್ರೋಸಲ್ ಸೈನಸ್ ಕಟ್ಟಿ ಕತ್ತರಿಸಿ, ಟೆಂಟೋರಿಯಂ ಬಿಚ್ಚಿದ್ರೆ ಬೇಸಿಲರ್ ಕಾಂಡ ಎದುರಿಗೇ.

ಐಕಾ ಗುಳ್ಳೆಗಳಿಗೆ ರೆಟ್ರೋಸಿಗ್ಮಾಯ್ಡ್ ದಾರಿ (ಕಿವಿ ಹಿಂದಿನಿಂದ ಹೋಗೋದು) ಹೆಚ್ಚಿನ ನ್ಯೂರೋಸರ್ಜನ್‌ಗಳಿಗೆ ಅಕೌಸ್ಟಿಕ್ ಟ್ಯೂಮರ್‌ನಿಂದಲೇ (ಕಿವಿ ನರದ ಗಡ್ಡೆ) ಪರಿಚಯ, ಸಿಗ್ಮಾಯ್ಡ್ ಸೈನಸ್ ಮೇಲಿನ ಮೂಳೆನೂ ತೆಗೆದು ಸೈನಸ್‌ನ ಮುಂದಕ್ಕೆ ಸರಿಸಿದ್ರೆ ಇನ್ನಷ್ಟು ಕೋನ ಸಿಗತ್ತೆ, ಅದಕ್ಕಿಂತ ಹೆಚ್ಚು ಇಲ್ಲಿ ಬರೆಯಲ್ಲ. ಕಿವಿ ಮೊದಲೇ ಹೋಗಿದ್ರೆ ಲ್ಯಾಬಿರಿಂತ್ (ಒಳಕಿವಿ) ಮೂಲಕ ಹೋಗೋ ದಾರೀನೂ ಇದೆ, ಇಎನ್‌ಟಿಯವರ ಜೊತೆ ಸೇರಿ ಮಾಡೋದು.

ಹಂತ 5: ಹಿತ್ತಲ ಬಾಗಿಲು, ವರ್ಟಿಬ್ರಲ್ ಮತ್ತು ಪೈಕಾ

ನಿಮ್ಮ ಕೈಗೆ ನಿಜವಾಗ್ಲೂ ಬರೋ ಕೇಸ್ ಹೆಚ್ಚಾಗಿ ಇದೇ, ಹಾಗಾಗಿ ಚೆನ್ನಾಗಿ ಕಲೀರಿ. ಫಾರ್ ಲ್ಯಾಟರಲ್ ಅಪ್ರೋಚ್ (ತಲೆ ಹಿಂಭಾಗದ ಪಕ್ಕದಿಂದ ಹೋಗೋದು), 1986ರಲ್ಲಿ ಹೆರೋಸ್ ಬರೆದ ಲೇಖನದ ನಂತರ ಎಲ್ಲರ ಕೈಗೆ ಬಂತು.

ಪಾರ್ಕ್ ಬೆಂಚ್ ಪೊಸಿಷನ್, ಅಂದ್ರೆ ಒಂದು ಪಕ್ಕಕ್ಕೆ ಮಲಗಿಸಿ, ಗುಳ್ಳೆ ಇರೋ ಪಕ್ಕ ಮೇಲೆ. ಗದ್ದ ಎದೆ ಕಡೆ ಬಗ್ಗಿಸಿ, ಎರಡು ಬೆರಳಷ್ಟು ಜಾಗ ಬಿಡಿ, ಇಲ್ಲಾಂದ್ರೆ ಕತ್ತಿನ ವೇನ್ ಅಮುಕಿ ಮೆದುಳು ಊದತ್ತೆ. ಮುಖ ನೆಲದ ಕಡೆ ಸ್ವಲ್ಪ ತಿರುಗಿಸಿ, ನೆತ್ತಿ ನೆಲದ ಕಡೆ ಸ್ವಲ್ಪ ವಾಲಿಸಿ, ಕಿವಿಗೂ ಭುಜಕ್ಕೂ ನಡುವೆ ಬಾಯಿ ತೆರೆದ ಹಾಗೆ ಆಗ್ಬೇಕು. ಮೇಲಿನ ಭುಜ ಪ್ಲಾಸ್ಟರ್ ಹಾಕಿ ಕೆಳಗೆ ಎಳೆಯಿರಿ, ತುಂಬಾ ಎಳೆದ್ರೆ ಕೈ ನರಕ್ಕೆ ಪೆಟ್ಟು. ಈ ಪೊಸಿಷನ್‌ಗೆ ಮುಕ್ಕಾಲು ಗಂಟೆ ಹಿಡಿದ್ರೂ ಪರವಾಗಿಲ್ಲ.

ಹಾಕಿ ಸ್ಟಿಕ್ ಆಕಾರದ ಇನ್ಸಿಷನ್, ಕತ್ತಿನ ಮಧ್ಯರೇಖೆಯಿಂದ ಮೇಲೆ ಇನಿಯನ್‌ವರೆಗೆ (ತಲೆ ಹಿಂದಿನ ಉಬ್ಬು), ಅಡ್ಡ ತಿರುಗಿ ಮ್ಯಾಸ್ಟಾಯ್ಡ್ (ಕಿವಿ ಹಿಂದಿನ ಮೂಳೆ) ತುದಿಗೆ ಇಳಿಯತ್ತೆ. ಬೈಪಾಸ್ ಬೇಕಾಗಬಹುದು ಅಂತ ಚೂರು ಅನುಮಾನ ಇದ್ರೂ ಆಕ್ಸಿಪಿಟಲ್ ಆರ್ಟರಿನ (ತಲೆ ಹಿಂಭಾಗದ ಚರ್ಮಕ್ಕೆ ಹೋಗೋ ನಾಳ) ಈಗಲೇ ಬಿಡಿಸಿ ಉಳಿಸ್ಕೊಳ್ಳಿ, ಸ್ನಾಯು ಜೊತೆ ಕತ್ತರಿಸಿದ ಮೇಲೆ ಹುಡುಕಿದ್ರೆ ಸಿಗಲ್ಲ. ಮೇಲೆ ಮೂಳೆಯಂಚಲ್ಲಿ ಸ್ನಾಯುವಿನ ಒಂದು ಪಟ್ಟಿ ಬಿಡಿ, ಹೊಲಿಯಕ್ಕೆ ಬೇಕು.

ಕೆಳಗೆ ಬರ್ತಿದ್ದ ಹಾಗೆ ಮೂರು ಸಣ್ಣ ಸ್ನಾಯುಗಳ ಸಬ್‌ಆಕ್ಸಿಪಿಟಲ್ ತ್ರಿಕೋನ, ಅದರ ಆಳದಲ್ಲಿ ಸಿ1 (ಕತ್ತಿನ ಮೊದಲ ಮೂಳೆ) ಕಮಾನಿನ ಮೇಲೆ ವರ್ಟಿಬ್ರಲ್ ಮಲಗಿರತ್ತೆ, ಸುತ್ತ ವೀನಸ್ ಜಾಲ. ಇಲ್ಲಿ ಮೋನೋಪೋಲರ್ (ಕರೆಂಟಲ್ಲಿ ಸುಡೋ ಉಪಕರಣ) ಕೆಳಗಿಡಿ, ಬೆರಳಲ್ಲಿ ಸಿ1 ಕಮಾನು ಮುಟ್ಟಿ ಮಧ್ಯದಿಂದ ಪಕ್ಕಕ್ಕೆ ನಿಧಾನ ಬನ್ನಿ. ವರ್ಟಿಬ್ರಲ್‌ನಿಂದ ಹೊರಟ ಕೊಂಬೆ ಕಂಡ್ರೆ ಸ್ನಾಯುಗೆ ಹೋಗೋದು ಅಂತ ತಕ್ಷಣ ಸುಡ್ಬೇಡಿ, ಕೆಲವರಲ್ಲಿ ಪೈಕಾ ಡ್ಯೂರಾ ಹೊರಗೇ ಹುಟ್ಟತ್ತೆ. ಇದನ್ನೂ ಸ್ಕ್ಯಾನಲ್ಲೇ ನೋಡಿರ್ಬೇಕು.

ಸಿ1 ಅರ್ಧ ಕಮಾನು ತೆಗೀರಿ, ಸಬ್‌ಆಕ್ಸಿಪಿಟಲ್ ಮೂಳೆ ಫೊರಾಮೆನ್ ಮ್ಯಾಗ್ನಮ್‌ವರೆಗೆ, ಪಕ್ಕಕ್ಕೆ ಸಿಗ್ಮಾಯ್ಡ್ ಅಂಚಿನವರೆಗೆ. ಆಮೇಲೆ ಕಾಂಡೈಲ್, ಅಂದ್ರೆ ತಲೆಬುರುಡೆ ಸಿ1 ಮೇಲೆ ಕೂರೋ ಕೀಲಿನ ಮೂಳೆ. ಕಾಂಡಿಲಾರ್ ವೇನ್‌ನಿಂದ ರಕ್ತ ಚಿಮ್ಮಿದ್ರೆ ಗಾಬರಿ ಬೇಡ, ಬೋನ್ ವ್ಯಾಕ್ಸ್ ಹಚ್ಚಿ, ಸರಿಯಾದ ಜಾಗಕ್ಕೆ ಬಂದಿದ್ದೀರ ಅಂತ ಅರ್ಥ. ಹಿಂದಿನ ಒಳಭಾಗದ ಮೂರನೇ ಒಂದು ಭಾಗ ಸಾಕು, ಗಟ್ಟಿ ಬಿಳಿ ಮೂಳೆ ಸಿಕ್ಕಿದ್ರೆ ಅದು ಹನ್ನೆರಡನೇ ನರದ ಕಾಲುವೆ ಗೋಡೆ. ಅರ್ಧಕ್ಕಿಂತ ಜಾಸ್ತಿ ತೆಗೆದ್ರೆ ಕತ್ತು ಅಲುಗಾಡಕ್ಕೆ ಶುರುವಾಗಿ ಸ್ಕ್ರೂ ರಾಡ್ ಹಾಕೋ ಪರಿಸ್ಥಿತಿ. ನನ್ನ ಅಭಿಪ್ರಾಯ ಕೇಳಿದ್ರೆ, ಮಾಮೂಲಿ ಪೈಕಾ ಗುಳ್ಳೆಗೆ ಕಾಂಡೈಲ್ ತುಂಬಾ ಸಲ ಮುಟ್ಟೋದೇ ಬೇಡ, ಮಧ್ಯರೇಖೆ ಹತ್ರ, ಬ್ರೇನ್‌ಸ್ಟೆಮ್ ಮುಂದೆ ಇರೋದಕ್ಕೆ ಮಾತ್ರ ಬೇಕು. ಕಾನ್ಫರೆನ್ಸ್ ವಿಡಿಯೋಗಳಲ್ಲಿ ಎಲ್ಲರೂ ಕಾಂಡೈಲ್ ಡ್ರಿಲ್ ಮಾಡ್ತಾರೆ ಅಂತ ನೀವೂ ಮಾಡ್ಬೇಡಿ.

ಡ್ಯೂರಾ ತೆರೆದು ಸಿಸ್ಟರ್ನಾ ಮ್ಯಾಗ್ನಾದಿಂದ ನೀರು ಬಿಡಿ, ಸೆರೆಬೆಲ್ಲಂ ಇಳಿಯತ್ತೆ. ಡೆಂಟೇಟ್ ಲಿಗಮೆಂಟ್ (ಬೆನ್ನುಹುರಿ ಹಿಡಿದಿಟ್ಟಿರೋ ಪೊರೆ) ಕತ್ತರಿಸಿ. ವರ್ಟಿಬ್ರಲ್ ಡ್ಯೂರಾ ತೂರಿ ಒಳಬರೋ ಜಾಗ ಕಾಣಿಸ್ತಾ? ಅದು ಮೊದಲನೇ ತೂಬು. ಆದ್ರೆ ಇಲ್ಲಿ ಒಂದು ತೂಬು ಸಾಲಲ್ಲ, ಇದನ್ನ ಮರೆತೋರು ಕೆಟ್ಟರು. ಎದುರು ಪಕ್ಕದ ವರ್ಟಿಬ್ರಲ್ ರಕ್ತ ಮೇಲೆ ಸಂಗಮದವರೆಗೆ ಹೋಗಿ ಈ ಪಕ್ಕಕ್ಕೆ ಹಿಮ್ಮುಖ ಇಳಿದು ಬರತ್ತೆ, ಹಾಗಾಗಿ ಗುಳ್ಳೆಯಿಂದ ಆಚೆ ಕೂಡ ಕ್ಲಿಪ್ ಹಾಕೋ ಜಾಗ ಹುಡುಕಿ ಇಟ್ಕೊಳ್ಳಿ. ಗುಳ್ಳೆ ಸಾಮಾನ್ಯವಾಗಿ ಪೈಕಾ ಹುಟ್ಟೋ ಜಾಗದ ಮೇಲ್ಗಡೆ ಮೂಲೇಲಿ ಇರತ್ತೆ, ಹನ್ನೆರಡನೇ ನರದ ಎಳೆಗಳು ಅದರ ಮೇಲೆ ಹಾಸಿರ್ತವೆ, ಒಂಬತ್ತು ಹತ್ತು ಹನ್ನೊಂದು ನಿಮ್ಮ ಮುಂದೆ ಪರದೆ ಥರ. ಹತ್ತು ಹನ್ನೊಂದರ ನಡುವಿನ ಸಂದಿಯಲ್ಲಿ ಕೆಲಸ, ನರ ಪಕ್ಕಕ್ಕೆ ತಳ್ಳೋ ಬದಲು ಸಂದಿ ಬದಲಾಯಿಸಿ. ಕ್ಲಿಪ್ ಹಾಕಿದ ಮೇಲೆ ಪೈಕಾ ಹರೀತಿದೆಯಾ ಅಂತ ಡಾಪ್ಲರ್, ಐಸಿಜಿ. ಪೈಕಾ ಮುಚ್ಚಿಹೋದ್ರೆ ಮೆಡುಲ್ಲಾ ಪಕ್ಕದ ಸ್ಟ್ರೋಕ್, ವಾಲೆನ್‌ಬರ್ಗ್ ಸಿಂಡ್ರೋಮ್.

ಗುಳ್ಳೆ ಗೋಡೆಯಿಂದಲೇ ಪೈಕಾ ಹುಟ್ಟಿದ್ದು ಉಳಿಸಕ್ಕೆ ಆಗಲ್ಲ ಅಂದ್ರೆ ಮೊದಲು ಬೈಪಾಸ್, ಆಮೇಲೆ ಟ್ರ್ಯಾಪಿಂಗ್, ಅಂದ್ರೆ ಗುಳ್ಳೆಯ ಎರಡೂ ಕಡೆ ನಾಳ ಮುಚ್ಚೋದು. ಆಕ್ಸಿಪಿಟಲ್ ಆರ್ಟರಿನ ಪೈಕಾಗೆ ಹೊಲಿಯಬಹುದು, ಅಥವಾ ಮಧ್ಯರೇಖೆಯಲ್ಲಿ ಎರಡೂ ಪೈಕಾಗಳು ಅಕ್ಕಪಕ್ಕ ಬರೋ ಜಾಗದಲ್ಲಿ ಪಕ್ಕಪಕ್ಕಕ್ಕೆ ಹೊಲಿಯಬಹುದು. ಎರಡನೇದಕ್ಕೆ ಹೊರಗಿನ ನಾಳ ಬೇಡ, ಆದ್ರೆ ಎರಡೂ ಪೈಕಾನ ಒಟ್ಟಿಗೆ ಅಪಾಯಕ್ಕೆ ಒಡ್ಡಿದ ಹಾಗೆ.

ಕೊನೆಗೆ ಡ್ಯೂರಾ ನೀರು ಸೋರದ ಹಾಗೆ ಹೊಲಿಯಿರಿ, ಮ್ಯಾಸ್ಟಾಯ್ಡ್ ಗಾಳಿ ಗೂಡುಗಳಿಗೆ ವ್ಯಾಕ್ಸ್, ಬೇಕಾದ್ರೆ ಹೊಟ್ಟೆ ಕೊಬ್ಬು. ಎಂಟು ಗಂಟೆ ನಿಂತ ಮೇಲೆ ಕ್ಲೋಷರ್ ಜೂನಿಯರ್‌ಗೆ ಬಿಟ್ಟು ಕಾಫಿಗೆ ಹೋಗೋ ಸೀನಿಯರ್‌ಗಳೇ, ಸಿಎಸ್‌ಎಫ್ ಲೀಕ್ ಆಗೋದು ಅವತ್ತೇ.

ಮಧ್ಯದಲ್ಲಿ ಒಡೆದ್ರೆ

ಒಡೆಯತ್ತೆ, ಯಾವತ್ತೋ ಒಂದಿನ. ಫೀಲ್ಡ್ ಕೆಂಪಾದ ತಕ್ಷಣ ಹತ್ತಿ ತುರುಕೋದು ಮನುಷ್ಯ ಸಹಜ, ಆದ್ರೆ ಗಟ್ಟಿಯಾಗಿ ತುರುಕಿದ್ರೆ ರಕ್ತ ಒಳಗೇ ನುಗ್ಗಿ ಬ್ರೇನ್‌ಸ್ಟೆಮ್ ಒತ್ತತ್ತೆ. ದೊಡ್ಡ ಸಕ್ಷನ್ ಎಡಗೈಲಿ, ಸೀದಾ ರಕ್ತ ಬರೋ ಜಾಗಕ್ಕೆ, ಅಸಿಸ್ಟೆಂಟ್ ಕೈಲಿ ಇನ್ನೊಂದು ಸಕ್ಷನ್, ಸಣ್ಣ ಹತ್ತಿ ತುಂಡು ತೂತಿನ ಮೇಲೆ ಮೆತ್ತಗೆ, ಟೆಂಪರರಿ ಕ್ಲಿಪ್ ತೂಬಿಗೆ. ಅನಸ್ತೇಷಿಯಾದವರಿಗೆ ಜೋರಾಗಿ ಹೇಳಿ, ಟೈಮ್ ಬರೆಯೋಕೆ ಒಬ್ಬ ಸಿಸ್ಟರ್‌ಗೆ ಹೇಳಿ. ತೂಬು ಮೊದಲೇ ರೆಡಿ ಇದ್ರೆ ಇದು ಎರಡು ನಿಮಿಷದ ಗಲಾಟೆ, ಇಲ್ಲದಿದ್ರೆ ಏನಾಗತ್ತೆ ಅಂತ ನಾನು ಇಲ್ಲಿ ಬರೆಯಲ್ಲ.

ವಾರ್ಡಲ್ಲಿ

ಒಡೆದ ಗುಳ್ಳೆಯವರಿಗೆಲ್ಲಾ ನಿಮೋಡಿಪಿನ್ 60 ಮಿಲಿಗ್ರಾಂ 4 ಗಂಟೆಗೊಮ್ಮೆ 21 ದಿನ, ಬಿಪಿ ಬಿದ್ರೆ ಡೋಸ್ ಒಡೆದು ಕೊಡೋದು. ನಾಲ್ಕನೇ ದಿನದಿಂದ ಎರಡು ವಾರದವರೆಗೆ ವೇಸೋಸ್ಪಾಸಂ (ಮೆದುಳ ನಾಳ ಬಿಗಿದು ಸಣ್ಣಗಾಗೋದು) ಭಯ, ಸೋಡಿಯಂ ದಿನಾ ನೋಡಿ, ಮೈಗೆ ಕೊಡೋ ನೀರು ಕಮ್ಮಿ ಮಾಡ್ಬೇಡಿ.

ಹಿತ್ತಲ ಬಾಗಿಲಿಂದ ಹೋದವರಿಗೆ ಇನ್ನೊಂದು ಕೆಲಸ ಇದೆ. ಒಂಬತ್ತು ಹತ್ತನೇ ನರ ಸುಸ್ತಾಗಿದ್ರೆ ನುಂಗಿದ್ದು ಶ್ವಾಸಕೋಶಕ್ಕೆ ಹೋಗತ್ತೆ, ಕೆಮ್ಮೂ ಬರಲ್ಲ. ಒಂದ್ಸಲ ಗಂಟಲ ಟ್ಯೂಬ್ ತೆಗೆದ ಮಾರನೇ ದಿನ ನಮ್ಮ ರೋಗಿಯೊಬ್ರು ಕಣ್ಣು ಬಿಟ್ಟು ಮಾತಾಡಿದ ಖುಷೀಲಿ ಅವರಮ್ಮ ಒಂದು ಚಮಚ ಕಾಫಿ ಬಾಯಿಗೆ ಹಾಕಿದ್ರು, ಪಾಪ ಅವರಿಗೆ ಯಾರೂ ಹೇಳಿರಲಿಲ್ಲ, ನಾವೇ ಹೇಳಿರಲಿಲ್ಲ. ಸಂಜೆಗೆ ಜ್ವರ, ಮೂರನೇ ದಿನಕ್ಕೆ ವೆಂಟಿಲೇಟರ್, ಆಮೇಲೆ ಟ್ರಕಿಯಾಸ್ಟಮಿ (ಉಸಿರಾಡಕ್ಕೆ ಕತ್ತಿನಲ್ಲಿ ಮಾಡೋ ತೂತು), ತಿಂಗಳ ಮೇಲೆ ಮನೆಗೆ ಹೋದ್ರು. ಅವತ್ತಿಂದ ನಮ್ಮಲ್ಲಿ ಸ್ಪೀಚ್ ಥೆರಪಿಸ್ಟ್ ಬಂದು ನುಂಗೋ ಟೆಸ್ಟ್ ಮಾಡೋವರೆಗೂ ಮಂಚದ ತಲೆಗಡೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸ್ತೀವಿ: ಬಾಯಿಗೆ ಏನೂ ಕೊಡಬೇಡಿ, ತೀರ್ಥ ಕೂಡ.